ಚಪ್ಪಟೆ ಬೆನ್ನಿನ ಪಿಸ್ತೂಲು

೧೯೫೪ನೇ ಇಸವಿ ನವೆಂಬರ್ ೧೧, ಗುರುವಾರ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಗಜೇಂದ್ರಗಡದ ಪೊಲೀಸ್ ಠಾಣೆಗೆ ಕ್ಯಾಪ್ಟನ್ ತೋಟಪ್ಪನವರು ನಡೆದೇ ಬಂದರು. ಮಿಲಿಟರಿ ಡಾಕ್ಟರಾಗಿ ಬರ್ಮಾದ ಯುದ್ಧ ಕಂಡು ಬಂದವರು, ಈಗ ಊರಲ್ಲಿ ಸಣ್ಣದೊಂದು ದವಾಖಾನೆ ಇಟ್ಟುಕೊಂಡಿದ್ದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ಫೌಜದಾರ್ರ, ನನ್ನ ಪಿಸ್ತೂಲು ಕಳುವಾಗೇತಿ. ಬರಕೊಳ್ರಿ” ಎಂದರು.

ಫೌಜದಾರ ಗುರುಸಂಗಪ್ಪ ಈ ಠಾಣೆಗೆ ಬಂದು ಹನ್ನೊಂದು ತಿಂಗಳಾಗಿತ್ತು. ಹೆಂಡತಿ ವಿಷಮಜ್ವರದಲ್ಲಿ ತೀರಿಕೊಂಡ ಮೇಲೆ ಅವನಿಗೆ ಯಾವ ಊರಿಗೆ ವರ್ಗವಾದರೂ ಒಂದೇ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಸ್ಸು ಹತ್ತಿದರೆ ಸಂಸಾರವೆಲ್ಲ ಬಂದಂತೆ. ಎರಡು ಹೊತ್ತು ಖಾನಾವಳಿಯ ರೊಟ್ಟಿ, ಉಳಿದ ಹೊತ್ತೆಲ್ಲ ಠಾಣೆ. ಇಷ್ಟು ದಿನ ಇಲ್ಲಿಗೆ ಬಂದ ಫಿರ್ಯಾದಿಗಳೆಲ್ಲ ಎತ್ತಿನವು, ಹೊಲದ ಬದುವಿನವು. ಪಿಸ್ತೂಲಿನ ಫಿರ್ಯಾದಿ ಇದೇ ಮೊದಲು.

ಡಾಕ್ಟರು ಹೇಳಿದ್ದಿಷ್ಟು. ಅವರ ಬಳಿ ಇದ್ದವು ಎರಡು ಪಿಸ್ತೂಲು, ಎರಡಕ್ಕೂ ಪರವಾನಗಿ ಇತ್ತು. ಈ ವರ್ಷ ಒಂದಕ್ಕಷ್ಟೇ ಪರವಾನಗಿ ಮುಂದುವರಿಸುವುದಾಗಿಯೂ, ಇನ್ನೊಂದನ್ನು ಹದಿನೈದನೇ ತಾರೀಖಿನೊಳಗೆ ರೋಣದ ಖಜಾನೆಗೆ ಒಪ್ಪಿಸಬೇಕೆಂದೂ ಹುಕುಂ ಬಂದಿತ್ತು. ಒಪ್ಪಿಸಿದ್ದನ್ನು ಮುರಿದು ಕುಲುಮೆಗೆ ಹಾಕುತ್ತಾರೆ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತಿಳಿಯದೆ, ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ನರಗುಂದದ ಸುಭಾನಸಾಬ ಮಿಸ್ತ್ರಿಯನ್ನು ಸೋಮವಾರ ಕರೆಸಿದ್ದರು. ಅವನು ನೋಡಿ ಸಲಹೆ ಕೊಟ್ಟ. ಬಸ್ಸು ತಪ್ಪಿದ್ದರಿಂದ ಅಂದು ದವಾಖಾನೆಯ ಪಡಸಾಲೆಯಲ್ಲೇ ಮಲಗಿ ಮಂಗಳವಾರ ಮೊದಲ ಬಸ್ಸಿಗೆ ಹೋದ. ಇವತ್ತು ರೋಣಕ್ಕೆ ಹೋಗಬೇಕೆಂದು ಕಪಾಟು ತೆಗೆದರೆ, ಒಪ್ಪಿಸಬೇಕಾಗಿದ್ದ ಪಿಸ್ತೂಲೇ ಇಲ್ಲ.

ಗುರುಸಂಗಪ್ಪ ಎಫ್‌ಐಆರ್ ಬರೆದುಕೊಂಡ. ಗುನ್ನೆ ನಂಬರು ೪೧, ಕಲಂ ೩೮೦, ಮನೆಯೊಳಗಿನ ಕಳವು. ಹತ್ತೂವರೆಗೆ ಹವಾಲ್ದಾರ ಅಂದಾನಪ್ಪನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ದವಾಖಾನೆಗೆ ಹೋದ.

ಕಪಾಟಿನ ಬೀಗ ಮುರಿದಿರಲಿಲ್ಲ. ಕೀಲಿಕೈ ಡಾಕ್ಟರರ ಗಡಿಯಾರದ ಸರಪಳಿಯಲ್ಲೇ ಇತ್ತು. ಒಳಗೆ ಎಣ್ಣೆಬಟ್ಟೆಯ ಗಂಟಿನಲ್ಲಿ ಉಳಿದ ಪಿಸ್ತೂಲು, ಅದರ ಪಕ್ಕದಲ್ಲಿ ಗುಂಡಿನ ಡಬ್ಬಿ.

“ಗುಂಡು ಎಷ್ಟಿದ್ವು?”

“ಹದಿನಾಲ್ಕು.”

ಎಣಿಸಿದರು. ಹದಿನಾಲ್ಕೂ ಇದ್ದವು. ಅಂದಾನಪ್ಪ ಹುಬ್ಬು ಏರಿಸಿದ. ಗುರುಸಂಗಪ್ಪ ಉಳಿದ ಪಿಸ್ತೂಲನ್ನು ಕೈಗೆತ್ತಿಕೊಂಡ. ಅಂಗೈ ಜಗ್ಗುವಷ್ಟು ಭಾರ.

“ಡಾಕ್ಟರ, ಎರಡಕ್ಕೂ ಏನು ಫರಕ?”

“ಎರಡೂ ಅಮೇರಿಕಾದ ನಲವತ್ತೈದರ ಪಿಸ್ತೂಲು. ಒಮ್ಮೆ ತುಂಬಿದ್ರ ಏಳು ಗುಂಡು. ಒಂದು ಹೊಡದ ಕೂಡಲೆ ಮುಂದಿಂದು ತಾನ ಬಂದು ಕೂಡತೈತಿ. ಹೋದದ್ದು ಹಳೇದು, ಅದರ ಹಿಡಿ ಬೆನ್ನು ಚಪ್ಪಟಿ, ಬೆರಳಿಲೆ ಎಳಿಯೂ ಕುದರಿ ಉದ್ದ. ಇದು ಆಮೇಲಿಂದು. ಬೆನ್ನು ಉಬ್ಬು, ಕುದರಿ ಗಿಡ್ಡ. ಸಣ್ಣ ಕೈಗೆ ಇದ ಒಗ್ಗತೈತಿ ಅಂದ ಮಿಸ್ತ್ರಿ. ಹಳೇದಕ್ಕ ಅಕ್ರೋಟ ಕಟಗಿ ಹಿಡಿ, ಇದಕ್ಕ ಪ್ಲಾಸ್ಟಿಕ್.”

“ಮಿಸ್ತ್ರಿ ನಿಮ್ಮ ಮುಂದ ಎರಡನ್ನೂ ಪೂರ್ತಿ ಬಿಚ್ಚಿದ್ನೇನು?”

“ಇಲ್ಲ. ಮ್ಯಾಲಿನ ಭಾಗ ಜಾರಿಸಿ ನಳಿಗಿ ನೋಡಿದ, ಕುದರಿ ಎಳದು ನೋಡಿದ. ಹಿಡಿ ಬಿಚ್ಚಾಕ ಸಣ್ಣ ತಿರುಪುಳಿ ಬೇಕಾಗತೈತಿ. ತಂದಿಲ್ಲ ಅಂದ.”

ಹನ್ನೆರಡಕ್ಕೆ ಪಂಚನಾಮೆ ಮುಗಿಯಿತು. ಅಷ್ಟರಲ್ಲಿ ಅಂದಾನಪ್ಪ ದವಾಖಾನೆಯ ಆಳು ಹನುಮಪ್ಪನನ್ನು ಠಾಣೆಗೆ ಕರೆದೊಯ್ದು ಮೂಲೆಯಲ್ಲಿ ಕೂಡಿಸಿದ್ದ. ದಿನಾ ಕಸ ಹೊಡೆಯುವವ, ಕಪಾಟು ಒರೆಸುವವ. ಅವನ ಅಣ್ಣನಿಗೂ ಭಾವಮೈದುನರಿಗೂ ಹೊಲದ ದಾರಿಯ ಜಗಳವಿತ್ತು. ಹವಾಲ್ದಾರನ ಲೆಕ್ಕದಲ್ಲಿ ಇನ್ನೇನು ಬೇಕು.

“ಸಾಹೇಬ್ರ, ಇವನ್ನ ನನ್ನ ಕೈಗೆ ಕೊಡ್ರಿ. ಸಂಜಿಯೊಳಗ ಬಾಯಿ ಬಿಡಸ್ತೀನಿ.”

ಹನುಮಪ್ಪ ಗೋಡೆಗೆ ಆತು ಕೂತಿದ್ದ. ಒಂದು ಕೆನ್ನೆ ಆಗಲೇ ಕೆಂಪಾಗಿತ್ತು.

“ಜಗಳಕ್ಕ ಒಯ್ದಾಂವ ಗುಂಡು ಬಿಟ್ಟು ಹೋಗ್ತಾನೇನು?” ಎಂದ ಗುರುಸಂಗಪ್ಪ. “ಮಾರಾಕ ಒಯ್ದಾಂವ ಹೊಸಾದು ಬಿಟ್ಟು ಹಳೇದು ಒಯ್ತಾನೇನು? ಇವನಿಗೆ ಚಹಾ ಕೊಡಿಸಿ ಮನಿಗೆ ಕಳಸು. ಇನ್ನೊಮ್ಮೆ ನನಗ ಕೇಳದ ಕೈ ಮಾಡಬ್ಯಾಡ.”

ಅಂದಾನಪ್ಪ ಮುಖ ಕೆಳಗೆ ಹಾಕಿಕೊಂಡು ಹೋದ. ಗುರುಸಂಗಪ್ಪ ಡೈರಿಯಲ್ಲಿ ಬರೆದ: ‘ಕಳ್ಳನಿಗೆ ಬೇಕಾದದ್ದು ಪಿಸ್ತೂಲಲ್ಲ. ಆ ಪಿಸ್ತೂಲು.’ ಬರೆದ ಮೇಲೆ ಆ ಮಾತು ತನಗೇ ಪೂರ್ತಿ ತಿಳಿದಿಲ್ಲವೆನ್ನಿಸಿತು. ಹೊಡೆದುಹಾಕದೆ ಬಿಟ್ಟ.

ಮರುದಿನ, ಶುಕ್ರವಾರ, ಉಬ್ಬು ಬೆನ್ನಿನ ಪಿಸ್ತೂಲನ್ನು ರಸೀದಿ ಕೊಟ್ಟು ಪಡೆದುಕೊಂಡು, ಅಂದಾನಪ್ಪನೊಂದಿಗೆ ರೋಣದ ಮೇಲಿಂದ ನರಗುಂದಕ್ಕೆ ಬಂದಾಗ ಹನ್ನೊಂದು ಹೊಡೆದಿತ್ತು. ಸುಭಾನಸಾಬನ ಅಂಗಡಿ ಪೇಟೆಯ ತುದಿಗೆ. ಹೊಲಿಗೆ ಯಂತ್ರ, ಬೀಗ, ಸೀಮೆಎಣ್ಣೆಯ ಸ್ಟೋ ರಿಪೇರಿ. ಹಿಂದೆಯೇ ವಾಸದ ಖೋಲಿ. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಒಬ್ಬನೇ ಇರುವ ಮನೆಯನ್ನು ಗುರುಸಂಗಪ್ಪ ಹೊಸ್ತಿಲಲ್ಲೇ ಗುರುತಿಸಬಲ್ಲವನಾಗಿದ್ದ.

ಮಿಸ್ತ್ರಿಗೆ ನಲವತ್ತೈದರ ಆಸುಪಾಸು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಕೈ ಒರೆಸಿಕೊಂಡು ಎರಡು ಸ್ಟೂಲು ಎಳೆದ.

“ಸೋಮವಾರ ಗಜೇಂದ್ರಗಡಕ್ಕ ಹೋಗಿದ್ರಿ?”

“ಹೌದ್ರಿ.”

“ಡಾಕ್ಟರರ ಹಳೇ ಪಿಸ್ತೂಲು ಕಳುವಾಗೇತಿ. ಗೊತ್ತೈತೇನು?”

“ಇಲ್ರಿ.”

ಗುರುಸಂಗಪ್ಪ ಎಣ್ಣೆಬಟ್ಟೆ ಬಿಚ್ಚಿ ಪಿಸ್ತೂಲನ್ನು ಮೇಜಿನ ಮೇಲಿಟ್ಟ. “ನನಗ ಇವು ತಿಳಿಯಂಗಿಲ್ಲ, ಮಿಸ್ತ್ರಿ. ಎರಡರೊಳಗ ಇದನ್ನ ಯಾಕ ಆರಿಸಿಕೊಟ್ರಿ? ಹೇಳ್ರಿ.”

ಸುಭಾನಸಾಬ ಅದನ್ನು ಎತ್ತಿಕೊಂಡು, ಮೊದಲು ಖಾಲಿ ಇದೆಯೇ ಎಂದು ಪರೀಕ್ಷಿಸಿ, ಆಮೇಲೆ ಮಾತಾಡಿದ. ನಿಧಾನವಾಗಿ ಮಾತಿಗೆ ಬಿಸಿ ಬಂತು. ಡಾಕ್ಟರರ ಬೆರಳು ಗಿಡ್ಡ, ಉದ್ದ ಕುದುರೆ ಮುಟ್ಟುವುದಕ್ಕೆ ಕೈ ಹೊರಳಿಸಬೇಕಾಗುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಉಬ್ಬು ಬೆನ್ನು ಅಂಗೈ ತುಂಬುತ್ತದೆ, ಮೂತಿ ತಾನಾಗಿ ಮೇಲಕ್ಕೆ ನಿಲ್ಲುತ್ತದೆ. ಹಿಂಬದಿಯ ನಾಲಿಗೆ ಉದ್ದವಿರುವುದರಿಂದ ಹೆಬ್ಬೆರಳ ಸಂದಿ ಚಿವುಟುವುದಿಲ್ಲ.

“ಹಂಗಾರ ಹಳೇದು ಕೆಟ್ಟದ್ದು?”

“ಕೆಟ್ಟದ್ದಲ್ರಿ” ಎಂದ ಮಿಸ್ತ್ರಿ ತಟ್ಟನೆ. “ಉದ್ದ ಬೆರಳಿನವ್ರಿಗೆ ಅದರಂಥಾದ್ದಿಲ್ಲ. ಅದರ ಕಟಗಿ ಏನು ಚಲೋ ಇತ್ರಿ. ಎಡಗಡೀದು ಒಳಮೈಯಾಗ ಒಂದು ಕೂದಲೆಳಿ ಸೀಳು ಬಿಟ್ರ…”

ಮಾತು ಅಲ್ಲಿಗೆ ನಿಂತಿತು.

ಗುರುಸಂಗಪ್ಪ ಪಿಸ್ತೂಲನ್ನು ತಿರುಗಿಸಿ ಹಿಡಿಯ ಎರಡು ತಿರುಪುಗಳ ಮೇಲೆ ಬೆರಳಿಟ್ಟ. “ಒಳಮೈ ನೋಡಬೇಕಂದ್ರ ಇವು ಬಿಚ್ಚಬೇಕು. ಡಾಕ್ಟರರ ಮುಂದ ನೀವು ಬಿಚ್ಚಿಲ್ಲ.”

ಹೊರಗೆ ಯಾರೋ ಸ್ಟೋ ತಂದು ನಿಂತಿದ್ದರು. ಅಂದಾನಪ್ಪ ಅವರನ್ನು ಕಳಿಸಿದ.

“ಎಲ್ಲೈತಿ, ಮಿಸ್ತ್ರಿ?”

ಸುಭಾನಸಾಬ ಎದ್ದು, ಮೂಲೆಯಲ್ಲಿದ್ದ ಹಳೆಯ ಹೊಲಿಗೆ ಯಂತ್ರದ ಪೆಟ್ಟಿಗೆ ತೆರೆದು, ಪಿಸ್ತೂಲನ್ನು ತಂದಿಟ್ಟ. ಎಣ್ಣೆ ಹಚ್ಚಿ ಒರೆಸಿಟ್ಟ ಚಪ್ಪಟೆ ಬೆನ್ನಿನ ಪಿಸ್ತೂಲು. ಅದರ ಎಡಬದಿಯ ಹಿಡಿಯಲ್ಲಿ ಕಟ್ಟಿಗೆ ಇರಲಿಲ್ಲ, ಬರೀ ಕಬ್ಬಿಣ ಕಾಣುತ್ತಿತ್ತು.

“ಕಟಗಿ?”

“ಶಿರೋಳದಾಗೈತ್ರಿ. ಸಿದ್ದವ್ವನ ಹಂತ್ಯಾಕ.”

ಆಮೇಲೆ ಕೇಳುವ ಪ್ರಮೇಯ ಬರಲಿಲ್ಲ, ಅವನೇ ಹೇಳಿದ. ಬರ್ಮಾದ ಗಡಿಯಲ್ಲಿ ಸೈನ್ಯದ ಕಾರ್ಖಾನೆ. ಅವನೂ ಶಿರೋಳದ ಪರಶಪ್ಪನೂ ಒಂದೇ ಡೇರೆಯಲ್ಲಿದ್ದವರು. ಸಾವಿರ ಜನರ ನಡುವೆ ಕನ್ನಡ ಆಡುವವರು ಇವರಿಬ್ಬರೇ. ಒಂದು ದಿನ ಯಾವನೋ ಅಧಿಕಾರಿಯ ಪಿಸ್ತೂಲು ರಿಪೇರಿಗೆ ಬಂದಿತ್ತು. ಪರಶಪ್ಪ ಹಿಡಿಯ ಒಳಮೈಯಲ್ಲಿ ಸೂಜಿಯಿಂದ ಇಬ್ಬರ ಹೆಸರೂ ಊರೂ ಕೊರೆದ. ಸಾಹೇಬರ ಕೈಯಲ್ಲಿ ನಮ್ಮ ಊರ ಹೆಸರು ತಿರುಗಾಡಲಿ ಎಂದು ನಕ್ಕ. ತಿಂಗಳೊಪ್ಪತ್ತಿನಲ್ಲಿ ಚಿಂದ್ವಿನ್ ಹೊಳೆ ದಾಟುವಾಗ ತೆಪ್ಪ ಮಗುಚಿತು.

“ಅವನ ಕೈ ನನ್ನ ಕೈಯಾಗಿತ್ರಿ. ನಾನ ಬಿಟ್ಟೆ. ಬಿಡದಿದ್ರ ನಾನೂ ಹೋಗ್ತಿದ್ದೆ.” ಮಿಸ್ತ್ರಿ ತನ್ನ ಬಲಗೈ ನೋಡಿಕೊಂಡ. “ಹೆಣ ಸಿಗಲಿಲ್ಲ. ಪತ್ತೆ ಇಲ್ಲ ಅಂತ ಅವನ ಹೆಂಡತಿ ಸಿದ್ದವ್ವಗ ಸರಕಾರದ ಕಾಗದ ಬಂತು. ನಾ ತಿರುಗಿ ಬಂದ ಮ್ಯಾಲ, ನಾ ಬ್ಯಾರೆ ಕಡೆ ಇದ್ದೆ, ನನಗ ಗೊತ್ತಿಲ್ಲ ಅಂದೆ. ಎಂಟು ವರ್ಷ ಅಂದೆ. ಆಕಿ ಎಂಟು ವರ್ಷ ಕುಂಕುಮ ಹಚಗೊಂಡು ದಾರಿ ನೋಡಿದ್ಲು.”

“ಡಾಕ್ಟರರನ್ನ ಕೇಳಿದ್ರ ಕೊಡ್ತಿದ್ದಿಲ್ಲೇನು?”

“ಕೇಳಬೇಕಂದ್ರ ಯಾಕ ಅಂತ ಹೇಳಬೇಕಲ್ರಿ. ಆಕಿಗೆ ಹೇಳೂಕಿಂತ ಮೊದಲು ಮತ್ತೊಬ್ರಿಗೆ ಹ್ಯಾಂಗ ಹೇಳ್ಲಿ? ಪಿಸ್ತೂಲು ನೋಡಿದ ಕೂಡಲೆ ಗುರುತು ಸಿಕ್ತು. ಅವತ್ತು ರಿಪೇರಿಗೆ ಬಂದಾಗ ಅದರ ಸುತ್ತಿಗಿಗೆ ನಾನ ಅರ ಹಾಕಿದ್ದೆ. ಇನ್ನ ವಾರಕ್ಕ ಕುಲುಮಿಗೆ ಹೋಗತೈತಿ ಅಂದ್ರು. ತಿರುಪುಳಿ ಕೈಯಾಗ ಇದ್ದಿದ್ದಿಲ್ಲ, ರಾತ್ರಿ ತಂತಿಲೆ ಬೀಗ ತೆಗದು ಪಿಸ್ತೂಲನ್ನ ಒಯ್ದೆ. ಹೇಳಾಕ ಎಷ್ಟೋ ಸಲ ಹೋಗೀನ್ರಿ, ಶಿರೋಳಕ್ಕ. ಬರೀ ಕೈಲೆ ಹೋಗಿ ಬಾಯಿ ತೆಗೀಲಿಕ್ಕೆ ಆಗಲಿಲ್ಲ. ಕೈಯಾಗ ಏನರ ಇಟ್ಟು ಹೇಳಬೇಕನಿಸ್ತು. ನಿನ್ನೆ ಹೇಳಿ ಬಂದೆ. ಇವತ್ತ ಪಿಸ್ತೂಲು ತಗೊಂಡು ನಾನ ಠಾಣೆಗೆ ಬರಾಂವಿದ್ದೆ. ಇದು ನೀವು ನಂಬಬೇಕಂತಿಲ್ಲ.”

ಗುರುಸಂಗಪ್ಪ ನಂಬಿದನೋ ಇಲ್ಲವೋ, ಡೈರಿಯಲ್ಲಿ ಬರೆಯಲಿಲ್ಲ. ಪಕ್ಕದ ಅಂಗಡಿಗಳಿಂದ ಪಂಚರನ್ನು ಕರೆಸಿ, ಪಿಸ್ತೂಲು ಜಪ್ತಿ ಮಾಡಿ, ಒಂದು ಗಂಟೆ ಹತ್ತು ನಿಮಿಷಕ್ಕೆ ಸುಭಾನಸಾಬನನ್ನು ದಸ್ತಗಿರಿ ಮಾಡಿದ. ಬೇಡಿ ಹಾಕುವಾಗ ಅಂದಾನಪ್ಪ ಮಿಸ್ತ್ರಿಯ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು, ಅದರ ಮೇಲೆ ಹಾಕಿದ.

ಟಾಂಗಾದಲ್ಲಿ ಶಿರೋಳಕ್ಕೆ ಹೋದರು. ಆರೋಪಿಯನ್ನು ಅಂದಾನಪ್ಪನ ಕಾವಲಿನಲ್ಲಿ ಊರ ಬಾಗಿಲಾದ ಅಗಸಿಯಲ್ಲೇ ಬಿಟ್ಟು, ಗುರುಸಂಗಪ್ಪ ಊರಿನ ಇಬ್ಬರನ್ನು ಕರೆದುಕೊಂಡು ಸಿದ್ದವ್ವನ ಮನೆಗೆ ನಡೆದ. ಮೂವತ್ತೆರಡು ಮೂವತ್ತಮೂರರ ಹೆಂಗಸು. ಹಣೆ ಬರಿದಾಗಿತ್ತು. ಬಳೆ ಒಡೆದ ಗಾಯ ಮಣಿಕಟ್ಟಿನಲ್ಲಿ ಇನ್ನೂ ಹಸಿ ಇತ್ತು. ಅವಳ ಜೊತೆ ಮನೆಯಲ್ಲಿ ಯಾರೂ ಕೂತಿರಲಿಲ್ಲ. ಹೆಣವಿಲ್ಲದ, ಹತ್ತು ವರ್ಷದ ಹಿಂದಿನ ಸಾವಿಗೆ ಹೇಗೆ ಅಳಬೇಕೆಂದು ಓಣಿಯವರಿಗೆ ತಿಳಿದಿರಲಿಲ್ಲ.

“ತಂಗಿ, ಮಿಸ್ತ್ರಿ ಕೊಟ್ಟದ್ದು ನಾ ಒಯ್ಯಬೇಕಾಗೇತಿ. ಕೋರ್ಟಿನ ಸಾಮಾನದು.”

ಅವಳು ಸೆರಗಿನ ಗಂಟು ಬಿಚ್ಚಿ ಕಟ್ಟಿಗೆಯನ್ನು ಕೊಟ್ಟಳು. ಅಂಗೈಗಿಂತ ಸಣ್ಣ ತುಂಡು.

“ನನಗ ಓದಾಕ ಬರಂಗಿಲ್ರಿ. ಅದರಾಗೇನೈತಿ ಒಮ್ಮೆ ಓದ್ರಿ.”

ಗುರುಸಂಗಪ್ಪ ಬಾಗಿಲ ಬೆಳಕಿಗೆ ಹಿಡಿದು ಓದಿದ. “ಸುಭಾನ, ನರಗುಂದ. ಪರಶಪ್ಪ, ಶಿರೋಳ. ಹತ್ತೊಂಬತ್ತನೂರ ನಲವತ್ನಾಲ್ಕು.”

“ಇನ್ನೊಮ್ಮೆ ಓದ್ರಿ.”

ಇನ್ನೊಮ್ಮೆ ಓದಿದ. ಹೆಂಡತಿಯ ಹೆಸರನ್ನು ಕೊನೆಯ ಸಲ ಬಾಯಿಬಿಟ್ಟು ಅಂದದ್ದು ಯಾವಾಗ ಎಂದು ಅವನಿಗೆ ಥಟ್ಟನೆ ನೆನಪಾಗಲಿಲ್ಲ.

“ಸುಭಾನಣ್ಣಗ ಏನ ಮಾಡ್ತೀರಿ?”

“ಕೋರ್ಟು ಹೇಳತೈತಿ. ಕೈ ಬಿಟ್ಟದ್ದು ನಿನಗ ಹೇಳ್ಯಾನೇನು?”

“ಹೇಳ್ಯಾನ್ರಿ.” ಅವಳು ಗಂಟು ಬಿಚ್ಚಿದ ಸೆರಗನ್ನು ಹೊದ್ದುಕೊಂಡಳು. “ಎಂಟು ವರ್ಷ ಸುಳ್ಳು ಹೇಳಿದ್ದಕ್ಕ ಸಿಟ್ಟು ಬಂತ್ರಿ. ಕೈ ಬಿಟ್ಟದ್ದಕ್ಕ ಬರಲಿಲ್ಲ. ಅಷ್ಟು ಹೇಳ್ರಿ ಅವನಿಗೆ.”

ಜಪ್ತಿ ಪಂಚನಾಮೆ ಶುರುವಾಯಿತು. ಸಾಮಾನಿನ ಗುರುತು ಬರೆಯುವ ಜಾಗದಲ್ಲಿ ಗುರುಸಂಗಪ್ಪ ಬರೆಯದೆ ಸ್ವಲ್ಪ ತಡೆದ. ಆಮೇಲೆ ಕಟ್ಟಿಗೆಯ ಒಳಮೈ ಮೇಲೆ ಕಾಗದ ಇಟ್ಟು ಸೀಸದ ಕಡ್ಡಿಯನ್ನು ಮೆಲ್ಲಗೆ ಉಜ್ಜಿದ. ಅಕ್ಷರಗಳು ಕಪ್ಪಿನ ನಡುವೆ ಬೆಳ್ಳಗೆ ಎದ್ದವು. ಮತ್ತೊಂದು ಪ್ರತಿಗೂ ಹಾಗೇ ಮಾಡಿದ. ಜಪ್ತಿಯ ಪಟ್ಟಿಯ ಒಂದು ಪ್ರತಿಯನ್ನು ಮನೆಯವರಿಗೆ ಕೊಡಬೇಕೆಂದು ಕಾಯದೆಯಲ್ಲೇ ಇದೆ. ಸಿದ್ದವ್ವ ಹೆಬ್ಬೆಟ್ಟು ಒತ್ತಿ ತನ್ನ ಪ್ರತಿ ತೆಗೆದುಕೊಂಡಳು. ಅದನ್ನು ಮಡಚಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು.

ಅಗಸಿಯಲ್ಲಿ ಗುರುಸಂಗಪ್ಪ ಅವಳ ಮಾತನ್ನು ಇದ್ದದ್ದು ಇದ್ದಂತೆ ಹೇಳಿದ. ಮಿಸ್ತ್ರಿ ತಲೆ ತೂಗಿದ.

ನರಗುಂದದಿಂದ ರೋಣದ ಬಸ್ಸು ನಾಲ್ಕಕ್ಕೆ ಹೊರಟಿತು. ಎರಡೂ ಪಿಸ್ತೂಲಿನ ಗಂಟು ಅಂದಾನಪ್ಪನ ತೊಡೆಯ ಮೇಲೆ. ಆರೋಪಿ ಫೌಜದಾರನ ಪಕ್ಕದಲ್ಲಿ. ಊರು ದಾಟಿ ಎರೆಹೊಲಗಳು ಶುರುವಾಗುತ್ತಲೇ ಸುಭಾನಸಾಬನಿಗೆ ನಿದ್ದೆ ಬಂತು. ತಲೆ ಮೊದಲು ಕಿಟಕಿಗೆ ಬಡಿಯಿತು, ಆಮೇಲೆ ಈ ಕಡೆ ಹೊರಳಿ ಗುರುಸಂಗಪ್ಪನ ಭುಜದ ಮೇಲೆ ನಿಂತಿತು. ಬಾಯಿ ತುಸು ತೆರೆದು, ದಣಿದ ಮನುಷ್ಯನ ಭಾರದ ನಿದ್ದೆ.

ಅಂದಾನಪ್ಪ ಎಬ್ಬಿಸಲು ಕೈ ಚಾಚಿದ.

“ಇರಲಿ ಬಿಡು” ಎಂದ ಗುರುಸಂಗಪ್ಪ.

ಭುಜ ಜೋಮು ಹಿಡಿಯಿತು. ರೋಣ ಬರುವವರೆಗೂ ಅವನು ಅಲುಗಾಡಲಿಲ್ಲ.