ಮಾವನ ಪಂಚಾಂಗ

ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಹೆನಾನ್ ಪ್ರಾಂತ್ಯದ ನಮ್ಮ ಹಳ್ಳಿಯಲ್ಲಿ ನನ್ನ ಮಾವ ಪಂಚಾಂಗ ನೋಡಿ ರೈತರಿಗೆ ಮಳೆ ಹೇಳುತ್ತಿದ್ದರು. ಬೆರಳನ್ನು ಎಂಜಲು ಮಾಡಿಕೊಂಡೇ ಹಾಳೆ ತಿರುವುತ್ತಿದ್ದರು. ಹೋದ ಶರತ್ಕಾಲದಲ್ಲಿ ತೀರಿಕೊಂಡರು.

ಈ ಸಲದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ, ಗೋಧಿಯನ್ನೆಲ್ಲ ಕಣದಲ್ಲಿ ಒಣಹಾಕಿದ್ದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಫೋನು ಕೂಡ ಮಳೆಯಿಲ್ಲ ಎಂದಿತ್ತು. ನೀರು ಕುಡಿಯಲು ಒಳಗೆ ಬಂದರೆ ಅಡುಗೆಮನೆ ಬಾವಿಯೊಳಗಿನಂತೆ ತಣ್ಣಗಿತ್ತು. ಮಾವನ ಚಿಲುಮೆಯ ಹೊಗೆಯ ವಾಸನೆ. ಮೊಳೆಗೆ ನೇತುಹಾಕಿದ್ದ ಪಂಚಾಂಗ ಅಂದಿನ ದಿನಕ್ಕೆ ತೆರೆದಿತ್ತು. ಹಾಳೆಯ ಮೂಲೆ ಒದ್ದೆಯಾಗಿತ್ತು. ಬೆನ್ನ ಹಿಂದೆ ಅದೇ ಕೆಮ್ಮು.

"ಯುಝೆನ್, ಏನಮ್ಮ ನಿಂತ್ಕೊಂಡಿದ್ದೀಯ? ಗೋಧಿ ಒಳಗೆ ತಗೊಳ್ಳೋದಲ್ವಾ?"

ತಿರುಗಿದರೆ ಯಾರೂ ಇಲ್ಲ. ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಬಳಿಗೆ ಓಡಿಹೋಗಿ ಹೇಳಿದೆ. ಅವರು ಬೆಚ್ಚಲಿಲ್ಲ.

"ಸೊಸೆ ಹತ್ರ ಮಾತಾಡ್ತಾರಂತೆ! ನನ್ಹತ್ರ ಒಂದು ಮಾತಿಲ್ಲ," ಎಂದು ಮೂತಿ ತಿರುವಿದರು. ಆದರೆ ಚೀಲ ತರಲು ನನಗಿಂತ ಮೊದಲು ಎದ್ದವರು ಅವರೇ.

ಕೊನೆಯ ಚೀಲ ಹೊಸಿಲು ದಾಟಿದ್ದೇ ತಡ, ಆಲಿಕಲ್ಲು ಮಳೆ ಸುರಿಯಿತು. ಊರಿನ ಅರ್ಧ ಗೋಧಿ ನೆನೆದು ಹೋಯಿತು.

ಮಳೆ ನಿಂತ ಮೇಲೆ ಪಕ್ಕದ ಮನೆಯ ಮುದುಕ ತಾಂಗ್ ನಮ್ಮ ಬಾಗಿಲಿಗೆ ಬಂದ. ಅವನ ಗೋಧಿಯೂ ಒಣಗಿಯೇ ಉಳಿದಿತ್ತು. ಬಂದವನು ಒಳಗೆ ಬರಲಿಲ್ಲ, ಟೋಪಿ ಕೈಯಲ್ಲಿ ಹಿಡಿದು ಅಳುತ್ತಿದ್ದ.

"ಕಾಲುವೆ ನೀರಿನ ಜಗಳಕ್ಕೆ ನಿಮ್ಮ ಮಾವ ನನ್ನ ಹತ್ರ ಮಾತು ಬಿಟ್ಟು ಹನ್ನೊಂದು ವರ್ಷ ಆಗಿತ್ತು ಕಣಮ್ಮ," ಎಂದ. "ಇವತ್ತು ಮಧ್ಯಾಹ್ನ ಗೋಡೆ ಆಚೆಯಿಂದ ಹೆಸರು ಹಿಡಿದು ಕರೆದ್ರು."