ಪೈಪಿನೊಳಗೆ ಸತ್ತವನು

ಮುಚ್ಚಳ ಧಡ್ ಎಂದು ಮುಚ್ಚಿಕೊಂಡಿತು!

ಹೊರಗೆ ಬೋಲ್ಟ್ ಬಿಗಿಯುವ ಸದ್ದು. ಕಾಲ ಬುಡದಲ್ಲಿ ಸುಯ್ಯ್... ಎಂದು ಗ್ಯಾಸ್ ನುಗ್ಗತೊಡಗಿತು.

ನಾನಿದ್ದದ್ದು ಅಡ್ಡ ಮಲಗಿಸಿದ ಆಳೆತ್ತರದ ಸ್ಟೀಲ್ ಪೈಪಿನೊಳಗೆ ಸ್ವಾಮಿ. ರಾಮನಗರ-ಮಾಗಡಿ ರಸ್ತೆ ಬದಿಯ ಹೊಲಗಳೆಲ್ಲ ಶೆಡ್ಡಾಗುತ್ತಿದ್ದ ಕಾಲ ಅದು. ಮನೋಹರ್ ಎಂಬುವನ ಶೆಡ್ಡಿನಲ್ಲಿ ಯಾವುದೋ ವಿಜ್ಞಾನ ಕೇಂದ್ರಕ್ಕೆ ಇಂಥ ಪೈಪ್ ಮಾಡುತ್ತಿದ್ದರು. ಒಳಗಿನ ಗಾಳಿಯನ್ನೆಲ್ಲ ಪಂಪಿನಲ್ಲಿ ಹೀರಿ ತೆಗೆದು, ಅದರಲ್ಲಿ ಬೆಳಕು ಬಿಟ್ಟು ಅದೇನೋ ಅಳೆಯುತ್ತಾರಂತೆ. ಬೆರಳಿನ ಜಿಡ್ಡು ತಗುಲಿದರೂ ಪೈಪ್ ಕೆಟ್ಟಿತು. ಅದಕ್ಕೇ ಕಾಲು ತೊಳೆದು, ಬಿಳಿ ಕಾಲುಚೀಲ ಹಾಕಿಕೊಂಡೇ ಒಳಗೆ ಹೋಗಬೇಕು. ನೋಡಿ ಬನ್ನಿ ಸಾರ್ ಎಂದು ಮನೋಹರ್ ನಗುನಗುತ್ತ ಕರೆದ. ನಾನೂ ಹೋದೆ... ದಡ್ಡ ಶಿಖಾಮಣಿ!

ನುಗ್ಗುತ್ತಿದ್ದದ್ದು ಆರ್ಗಾನ್. ವೆಲ್ಡಿಂಗ್ ಕಪ್ಪಾಗದಿರಲಿ ಎಂದು ತುಂಬುವ ಗ್ಯಾಸ್. ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿಗಿಂತ ಭಾರ. ಉಸಿರಾಡುವ ಗಾಳಿಯನ್ನು ತಳ್ಳುತ್ತ ಬುಡದಿಂದ ಮೇಲೇರುತ್ತದೆ.

ಮೂಗಿನ ಮಟ್ಟಕ್ಕೆ ಬಂತೋ... ಮುಗಿಯಿತು!

ನನ್ನನ್ನು ಇದಕ್ಕೆ ಇಳಿಸಿದವಳು ತಿಪ್ಪಸಂದ್ರದ ಬೈರಮ್ಮ. ನಾನು ಪತ್ತೇದಾರ, ಮುಚ್ಚಿಟ್ಟದ್ದನ್ನು ಕೆದಕುವುದೇ ನನ್ನ ಕಸುಬಲ್ಲವೇ? ಅವಳ ಗಂಡ ಬೋರಲಿಂಗಯ್ಯ ಇಲ್ಲಿ ಪೈಪ್ ಒರೆಸುತ್ತಿದ್ದ. ಕುಡಿದು ಗೇಟಿನಾಚೆ ಕೆಸರಲ್ಲಿ ಬಿದ್ದು ಸತ್ತ ಎಂದು ಮನೋಹರ್ ಹೆಣ ಕಳಿಸಿದ್ದ. ಅಂಗಿಯೆಲ್ಲ ಬ್ರಾಂದಿ ನಾತ. ಕುಡುಕನ ಹೆಂಡತಿ ಎಂದು ಊರೆಲ್ಲ ಆಡಿಕೊಂಡಿತು.

"ಅವ್ರು ಒಂದು ತೊಟ್ಟೂ ಕುಡುದೋರಲ್ಲ ಕಣಣ್ಣ," ಎಂದಿದ್ದಳು. "ಹೆಣ ತೊಳ್ಯೋವಾಗ ನೋಡಿವ್ನಿ. ಮೈಯೆಲ್ಲ ಕೆಸ್ರು, ಅಂಗಾಲು ಮಾತ್ರ ಬೆಳ್ಳಗೆ. ನಡ್ಕೊಂಡು ಹೋಗಿ ಬಿದ್ದೋರ ಕಾಲಾ ಅದು? ಅವ್ರ ಹೆಸ್ರೊಂದು ಉಳ್ಸಿಕೊಡಣ್ಣ."

ಕಳ್ಳರು ಹೆಣದ ಕಾಲುಚೀಲ ಕಿತ್ತಿದ್ದರು. ಅಂಗಾಲಿಗೆ ಕೆಸರು ಬಳಿಯುವುದನ್ನು ಮರೆತಿದ್ದರು.

ಪೈಪಿನ ನೆತ್ತಿಯಲ್ಲೊಂದು ತೂತು. ಅಲ್ಲಿಂದ ಮನೋಹರನ ದನಿ ಬಂತು. ಕೇಸ್ ಬಿಡುತ್ತೇನೆ ಅನ್ನು, ಬೋಲ್ಟ್ ಬಿಚ್ಚುತ್ತೇನೆ ಎಂದ. ಇಲ್ಲದಿದ್ದರೆ ನಿನಗೂ ಒಂದು ಬಾಟಲ್ ಬ್ರಾಂದಿ ತರಿಸಿದ್ದೇನೆ ಎಂದ.

ಥೂ! ಮುಚ್ಚಳಕ್ಕೆ ಒದ್ದೆ, ಜಗ್ಗಲಿಲ್ಲ. ತೂತಿಗೆ ಬಾಯಿಟ್ಟು ಉಳಿದ ಗಾಳಿ ಎಳೆದುಕೊಂಡೆ. ತಲೆ ಗಿರ್ರೆನ್ನತೊಡಗಿತು.

ಈ ನನ್ಮಗ ಯಾವುದಕ್ಕೆ ಹೆದರುತ್ತಾನೆ? ಪೊಲೀಸಿಗಲ್ಲ. ಪಾಪಕ್ಕಂತೂ ಅಲ್ಲ. ಮಧ್ಯಾಹ್ನ ವಿಜ್ಞಾನ ಕೇಂದ್ರದ ಇಂಜಿನಿಯರ್ ಪ್ರತಿಮಾ ಮೇಡಂ ಪೈಪ್ ಪರೀಕ್ಷೆಗೆ ಬರುವವರಿದ್ದರು...

"ಲೇ ಮನೋಹರ," ಎಂದೆ. "ಪ್ಯಾಂಟ್ ಬಿಚ್ತಾ ಇವ್ನಿ. ನಿನ್ ಪೈಪ್ ತುಂಬ ಉಚ್ಚೆ ಹುಯ್ತೀನಿ ಕಣ್ಲಾ."

ಬಿಚ್ಚಿದರು ನೋಡಿ ಬೋಲ್ಟು! ಸ್ಪ್ಯಾನರ್ ಕೈಜಾರಿ ಬೀಳುವಷ್ಟು ಅವಸರ!

ಹೊರಗೆ ಉರುಳಿ ಬಿದ್ದೆ. ಮನೋಹರ್ ನನ್ನತ್ತ ನೋಡಲೂ ಇಲ್ಲ. ನನ್ನನ್ನು ದಾಟಿಕೊಂಡು, ಟಾರ್ಚ್ ಹಿಡಿದು ಪೈಪಿನೊಳಗೆ ತಲೆ ತೂರಿಸಿದ. ಅವನ ಹಿಂದೆ, ಶೆಡ್ಡಿನ ಬಾಗಿಲಲ್ಲಿ ಹೆಂಗಸೊಬ್ಬರು ನಿಂತಿದ್ದರು. ಕೊರಳಲ್ಲಿ ವಿಜ್ಞಾನ ಕೇಂದ್ರದ ಕಾರ್ಡ್. ಪ್ರತಿಮಾ ಮೇಡಂ ಬೇಗನೇ ಬಂದಿದ್ದರು. ಅವನು ಕಂಡಿರಲಿಲ್ಲ, ನಾನು ಕಂಡೆ.

"ಒಸಿ ನೀರಾಕಿ ತೊಳುದ್ರೆ ಹೋಯ್ತದೆ ಬುಡು," ಎಂದೆ.

ಅವನು ಉರಿದುಬಿದ್ದ. "ಏನ್ಲಾ ತೊಳ್ಯೋದು? ಬೋರಲಿಂಗಯ್ಯ ಒಳಗೆ ವಾಂತಿ ಮಾಡ್ಕೊಂಡು ಸತ್ನಲ್ಲ, ಅದನ್ನ ತೊಳ್ಯಕ್ಕೇ ವಾರ ಹಿಡೀತು."

ಮೇಡಂ ಒಳಗೆ ಬಂದರು.

ಯಾರೂ ಅವನನ್ನು ಹೊರಗೆಳೆಯಲಿಲ್ಲವೇ ಎಂದು ಕೇಳಿದರು. ಮನೋಹರ್ ಬಿಳಿಚಿಕೊಂಡ. ಮೂಲೆಯಲ್ಲಿದ್ದ ವೆಲ್ಡರ್ ನಂಜುಂಡಯ್ಯ ತಲೆ ತಗ್ಗಿಸಿದ.

"ನುಗ್ಗಕ್ಕೋದೊ ಮೇಡಂ. ಮೊದ್ಲು ಕಾಲು ತೊಳ್ಕೊಂಬನ್ನಿ ಅಂದ್ಬುಟ್ರು ಸಾಹೇಬ್ರು."

ನಲವತ್ತು ಹೆಣ ಕಂಡವನು ನಾನು. ಅವತ್ತು ಶೆಡ್ಡಿನ ಹಿಂದೆ ಹೋಗಿ ಕಾರಿಕೊಂಡೆ.

ಸಂಜೆ ಸ್ಟೇಷನ್ನಿನಲ್ಲಿ ಕೇಸ್ ಬರೆದರು: ಬೋರಲಿಂಗಯ್ಯ ಕೆಲಸ ಮಾಡುತ್ತ ಪೈಪಿನಲ್ಲಿ ಸತ್ತ, ಕುಡಿದಿರಲಿಲ್ಲ. ಬೈರಮ್ಮ ತಿಪ್ಪಸಂದ್ರದ ಹತ್ತು ಜನರನ್ನು ಕರೆತಂದು, ಅದನ್ನು ಅವರೆದುರೇ ಗಟ್ಟಿಯಾಗಿ ಓದಿಸಿದಳು. ಹಿಂತಿರುಗುವಾಗ ಲಾಕಪ್ಪಿನ ಮುಂದೆ ನಿಂತಳು. ಒಳಗೆ ಮನೋಹರ್ ಗೋಳೋ ಎಂದು ಅಳುತ್ತಿದ್ದ.

"ನಮ್ಮೋರ್ನ ನೆನೆಸ್ಕೊಂಡು ಅಳ್ತಾವ್ನಲ್ವಾ ಅಣ್ಣ?" ಎಂದಳು. ದನಿ ಮೆತ್ತಗಾಗಿತ್ತು.

ಹೂಂ ಎಂದೆ. ಮೇಡಂ ಪೈಪ್ ರಿಜೆಕ್ಟ್ ಮಾಡಿದ ಸುದ್ದಿಯನ್ನು ಅವನಿಗೆ ಮುಟ್ಟಿಸಿ ಬಂದವನು ನಾನೇ.