ಗಾಳಿ ನಿಂತ ತೊಟ್ಟಿ

ಬೆಳಿಗ್ಗೆ ಆರೂವರೆ. ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿ ಸಾಯುತ್ತಿತ್ತು.

ಕಂದು ಬಣ್ಣದಲ್ಲಿ ನೊರೆಯಾಡಬೇಕಾದ ನೀರು ಕಪ್ಪಾಗಿ, ಅಲುಗದೆ ನಿಂತಿತ್ತು. ಕೊಳೆತ ಮೊಟ್ಟೆಯಂಥ ವಾಸನೆ ಆಗಲೇ ಮೆಟ್ಟಿಲು ಹತ್ತುತ್ತಿತ್ತು.

ಅವಳು ಜ್ವರದ ಮೈಗೆ ಶಾಲು ಸುತ್ತಿಕೊಂಡು ತೊಟ್ಟಿಯ ಕಂಬಿ ಹಿಡಿದು ನಿಂತಿದ್ದಳು. ಘಟಕ ನೋಡಿಕೊಳ್ಳುವವಳು ಅವಳೇ. ನಿವಾಸಿಗಳ ಬಾಯಲ್ಲಿ 'ಬಚ್ಚಲು ಡಾಕ್ಟರು'. ಮನೆಮನೆಯ ಬಚ್ಚಲು, ಪಾಯಿಖಾನೆಗಳ ನೀರು ಇಲ್ಲಿಗೆ ಬರುತ್ತಿತ್ತು. ಅದರ ಕೊಳೆಯನ್ನು ಜೀವಾಣುಗಳು ತಿನ್ನುತ್ತಿದ್ದವು. ತಿಳಿಯಾದ ನೀರು ತೋಟಕ್ಕೂ ಫ್ಲಶ್ಶಿಗೂ ವಾಪಸು ಹೋಗುತ್ತಿತ್ತು. ಆ ಜೀವಾಣುಗಳಿಗೆ ಉಸಿರು ಬೇಕು. ಗಾಳಿ ಊದುವ ಬ್ಲೋವರ್ ನಿನ್ನೆ ಮಧ್ಯಾಹ್ನದಿಂದ ನಿಂತಿತ್ತು.

ಕಟ್ಟಡದ ಎಲೆಕ್ಟ್ರಿಷಿಯನ್ ಮೆಟ್ಟಿಲಿಳಿದು ಬಂದ.

"ಬನ್ನಿ, ಕರೆಂಟು ಸಾಹೇಬ್ರೇ." ದಿನವೂ ಹೀಗೇ ಕರೆಯುತ್ತಿದ್ದಳು, ಕಣ್ಣಂಚಿನಲ್ಲಿ ನಗು ಅಡಗಿಸಿಟ್ಟುಕೊಂಡು. ಇವತ್ತು ಆ ಕಣ್ಣುಗಳು ಕೆಂಪಾಗಿದ್ದವು. "ಬ್ಲೋವರ್ ಯಾಕೆ ಟ್ರಿಪ್ ಆಯ್ತು ನೋಡಿ. ಮಾತ್ರೆ ನುಂಗಿ ಮಲಗಿದವಳಿಗೆ ಪ್ರಪಂಚವೇ ಗೊತ್ತಾಗ್ಲಿಲ್ಲ."

ಅವನು ಬೋರ್ಡಿನ ಕಡೆ ಹೋಗಲಿಲ್ಲ. ಅದು ತಾನಾಗಿ ಟ್ರಿಪ್ ಆಗಿರಲಿಲ್ಲ.

ಬ್ಲೋವರಿಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ನಿನ್ನೆ ಅವನು ಮಾತ್ರೆ ತಂದುಕೊಟ್ಟಾಗ ಅವಳು ಅದರ ಸದ್ದು ತಾಳದೆ ದಿಂಬನ್ನು ಕಿವಿಗೆ ಒತ್ತಿಕೊಂಡು ನರಳುತ್ತಿದ್ದಳು. ಒಂದು ಗಂಟೆಯಾದರೂ ಕಣ್ಣು ಮುಚ್ಚಲಿ ಎಂದು ಅವನೇ ಸ್ವಿಚ್ಚು ಆರಿಸಿದ್ದ. ಅಷ್ಟರಲ್ಲಿ ಲಿಫ್ಟು ಕೆಟ್ಟು ಒಳಗೆ ಒಬ್ಬರು ಸಿಕ್ಕಿಬಿದ್ದರು. ಆ ಗಡಿಬಿಡಿಯಲ್ಲಿ ಬ್ಲೋವರ್ ಮರೆತೇಹೋಯಿತು.

ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಹಿಡಿದು ಇಳಿದು ಬಂದರು.

"ಹೋದ ಸಲವೇ ಹೇಳಿದ್ದೆ, ಡಾಕ್ಟ್ರಮ್ಮ. ಇನ್ನೊಂದು ಸಲ ನಾತ ಬಂದ್ರೆ ಇದಕ್ಕೆ ಬೀಗ. ಟ್ಯಾಂಕರಿನವರು ಬಂದು ಕೊಳಚೆ ಹೊತ್ಕೊಂಡು ಹೋಗ್ಲಿ."

"ತಪ್ಪು ನಂದೇ, ಸರ್. ನಾನು ಮಲಗಿಬಿಟ್ಟೆ."

ಎಲೆಕ್ಟ್ರಿಷಿಯನ್ ಒಂದು ಹೆಜ್ಜೆ ಮುಂದೆ ಬಂದ. ಬೀಗ ಬಿದ್ದರೆ ಅವಳು ದೂರದ ಊರಿನ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅತ್ತಿಗೆ ಅವಳಿಗೆ ಹುಡುಗನನ್ನು ನೋಡಿಟ್ಟಿದ್ದಾಳೆ.

"ಅವರಲ್ಲ ಸರ್. ನಾನೇ ಆಫ್ ಮಾಡಿದ್ದು."

"ಯಾಕಪ್ಪಾ?"

"ಅವರಿಗೆ ನಿದ್ದೆ ಬರ್ಲಿ ಅಂತ."

ಕಾರ್ಯದರ್ಶಿ ಇಬ್ಬರನ್ನೂ ನೋಡಿದರು. "ಒಬ್ರು ಕಣ್ಣು ಮುಚ್ಚಲಿ ಅಂತ ಇಡೀ ಬಿಲ್ಡಿಂಗು ಮೂಗು ಮುಚ್ಕೋಬೇಕಾ? ಚೆನ್ನಾಗಿದೆ!"

ಅವಳು ಅವನ ಕಡೆ ತಿರುಗಿದಳು. ಶಾಲು ಜಾರಿದ್ದೂ ಗೊತ್ತಾಗಲಿಲ್ಲ. "ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

ನೀವು ಹೋಗಿ ನೀನು ಬಂದಿತ್ತು. ಎಷ್ಟೋ ತಿಂಗಳಿಂದ ಅವನು ಕಾದಿದ್ದ ಮಾತು, ಬರಬಾರದ ಹೊತ್ತಿನಲ್ಲಿ.

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ! ನನ್ನ ಕಿವಿಗೆ ನೆಮ್ಮದಿ ಕೊಡೋಕೆ ಹೋಗಿ ಅನ್ನಕ್ಕೇ ಕಲ್ಲು ಹಾಕ್ದೆಯಲ್ಲೋ!"

ಆಮೇಲೆ ಕಣ್ಣೊರೆಸಿಕೊಂಡು ಕಾರ್ಯದರ್ಶಿಗೆ ಹೇಳಿದಳು: ಬೇರೆ ಘಟಕದಿಂದ ಜೀವಾಣು ತುಂಬಿದ ಜೀವಂತ ಕೆಸರು ತಂದು ಸುರಿದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ತೊಟ್ಟಿ ಮತ್ತೆ ಹಿಡಿಯಬಹುದು. ಹಿಡಿಯದೆಯೂ ಇರಬಹುದು.

"ಭಾನುವಾರದ ಸಭೆವರೆಗೆ ಟೈಮ್ ಕೊಡ್ತೀನಿ," ಅಂದರು ಕಾರ್ಯದರ್ಶಿ. "ಇವನು ಮಾತ್ರ ನಾಳೆಯಿಂದ ಬೇಡ."

ಅವನು ಬ್ಲೋವರ್ ಹಾಕಿದ. ಊರಾಚೆಯ ಇನ್ನೊಂದು ಸಮುಚ್ಚಯದಲ್ಲಿ ಅವಳ ಗೆಳತಿಯ ಘಟಕವಿತ್ತು. ಅಲ್ಲಿಂದ ಕೆಸರು ತುಂಬಿಕೊಂಡು ಹಿಂದಿರುಗುವಾಗ ಟ್ಯಾಂಕರಿನ ಮುಂದಿನ ಸೀಟಿನಲ್ಲಿ, ಡ್ರೈವರ್ ಪಕ್ಕ, ಇಬ್ಬರೂ ಒತ್ತಿಕೊಂಡು ಕೂತಿದ್ದರು. ಬೆನ್ನ ಹಿಂದೆ ಕೆಸರು ತುಳುಕುತ್ತಿತ್ತು. ತಿರುವು ಬಂದಾಗಲೆಲ್ಲ ಅವಳ ಭುಜ ಅವನಿಗೆ ತಾಗುತ್ತಿತ್ತು. ಅದರ ಕಾವು ಅಂಗಿ ದಾಟಿ ಬರುತ್ತಿತ್ತು.

"ಇದು ಹಿಡೀದೆ ಹೋದ್ರೆ ನಾನು ಅಣ್ಣನ ಮನೆಗೆ," ಅಂದಳು ಅವಳು.

"ಹಿಡಿದ್ರೆ?"

"ಹಿಡಿದ್ರೆ ನೀನು ಇರಲ್ಲ."

ಅವನು ಗಾಜಿನಾಚೆ ನೋಡಿದ. "ನಾನು ಹೋಗೋದು ಬೇರೆ ಕೆಲಸಕ್ಕೆ. ನೀವು ಹೋಗೋದು ಬೇರೆಯವನ ಮನೆಗೆ. ಎರಡೂ ಒಂದೇನಾ?"

ಡ್ರೈವರ್ ಕೆಮ್ಮಿದ.

"ಇನ್ನೂ ನೀವಾ?" ಅಂದಳು. "ಇಷ್ಟು ಹಾಳು ಮಾಡಿದ ಮೇಲೂ ಮರ್ಯಾದೆ ಒಂದು ಕೇಡು."

"ನೀನು ಹೋಗಬೇಡ," ಅಂದ. ಅಷ್ಟೇ ಹೇಳಲು ಬಂತು. "ಕೈ ಮುಗಿದು ಕೇಳ್ಕೋತೀನಿ. ಬೈಯಿ, ಹೊಡಿ, ಮಾತು ಬಿಡು. ಹೋಗಬೇಡ."

ಅವನ ಕಿವಿಯ ಹತ್ತಿರ ಕೆಸರು ಸಿಡಿದಿತ್ತು. ಅವಳು ಶಾಲಿನ ತುದಿಯಿಂದ ಒರೆಸತೊಡಗಿದಳು. ಕಲೆ ಹೋದಮೇಲೂ ಒರೆಸುತ್ತಲೇ ಇದ್ದಳು.

"ಮೊದ್ಲು ಇದು ಬದುಕ್ಲಿ," ಅಂದಳು. "ಆಮೇಲೆ ನಿನ್ನ ವಿಚಾರ ನೋಡ್ಕೋತೀನಿ."

ಭಾನುವಾರದ ಹೊತ್ತಿಗೆ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಸಭೆ ಘಟಕವನ್ನು ಉಳಿಸಿಕೊಂಡಿತು. ಅವನನ್ನು ವಾಪಸು ಕರೆಯಲಿಲ್ಲ. ಅವನು ಒಂದು ಕಾರ್ಖಾನೆ ಸೇರಿದ. ಮಳೆಗಾಲದ ಹೊತ್ತಿಗೆ ಅವಳು ಸಂಘದ ಬಳಿ ಒಂದು ವಾರ ರಜೆ ಕೇಳಿದಳು. ತೊಟ್ಟಿ ನೋಡಿಕೊಳ್ಳಲು ಬೇರೆಯವರಿಲ್ಲವೆಂದು ಒಂದು ದಿನ ಮಾತ್ರ ಕೊಟ್ಟರು. ಆ ದಿನ ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹಾಜರಾದಳು.